ಇಳಿಯುವ ಹರಾಜು

ಬುರೇಲಾ ಬಂದರಿನ ಮೀನುಕಟ್ಟೆಯಲ್ಲಿ
ಹರಾಜು ಏರುವುದಿಲ್ಲ, ಇಳಿಯುತ್ತದೆ.
ಕೂಗುವವನು ಮೇಲಿನಿಂದ ಶುರುಮಾಡುತ್ತಾನೆ:
ಒಂಬತ್ತು, ಎಂಟೂಮುಕ್ಕಾಲು, ಎಂಟೂವರೆ, ಎಂಟೂಕಾಲು,
ಯಾರಾದರೂ ಕೈ ಎತ್ತುವ ತನಕ.
ಎತ್ತಿದರೆ ಅಲ್ಲಿಗೆ ನಿಂತಿತು, ಪೆಟ್ಟಿಗೆ ಅವರದು.
ಬೇಗ ಎತ್ತಿದರೆ ದುಡ್ಡು ಹೋಯಿತು,
ತಡಮಾಡಿದರೆ ಮೀನು ಹೋಯಿತು.

ಇಪ್ಪತ್ತಾರು ವರ್ಷ ಹೀಗೆ ಕೂಗಿದವನು ನನ್ನ ಗಂಡ ಎಲಾಡಿಯೊ.
ನಾಲ್ಕಕ್ಕೆ ಎದ್ದು, ಜೇನು ಬೆರೆಸಿದ ಬಿಸಿನೀರು ಕುಡಿದು,
ರಬ್ಬರ್ ಬೂಟು ತೊಟ್ಟು ಹೋಗಿ
ಕಡಲಿಗೇ ಕೇಳುವ ಹಾಗೆ ಅಂಕಿ ಉದುರಿಸುತ್ತಿದ್ದ.
ಮನೆಗೆ ಬಂದರೆ ಮಾತೇ ಇಲ್ಲ.
"ದನಿ ಎಲ್ಲಾ ಮಾರಿ ಬಂದೆ" ಎನ್ನುತ್ತಿದ್ದ.
ನನ್ನ ಪಾಲಿಗೆ ಹೂಂ, ಊಹೂಂ, ಗೊರಕೆ.

ಆಮೇಲೆ ರೋಗ ಬಂತು, ನರಗಳದ್ದು.
ಅದೂ ಮೇಲಿನಿಂದಲೇ ಶುರುಮಾಡಿತು.
ಮೊದಲು ರಕಾರ ಹೋಯಿತು,
ಊರಿನ ಹೆಸರು ಅವನ ಬಾಯಲ್ಲೇ ಕರಗಿತು.
ಆಮೇಲೆ ಮಗಳ ಹೆಸರಿನ ನಡು.
ಆಮೇಲೆ ನುಂಗುವುದು.
ಕೊನೆಗೆ ಹೂಂ. ಊಹೂಂ ಒಂದು ವಾರ ಹೆಚ್ಚು ಬಾಳಿತು.
ನಾನು ಕೈ ಎತ್ತಿಕೊಂಡೇ ನಿಂತಿದ್ದೆ,
ಯಾರೂ ನೋಡಲಿಲ್ಲ.

ಆಸ್ಪತ್ರೆಯ ಹುಡುಗಿ ಸಬೇಲಾ ಕೇಳಿದಳು:
"ಹಳೆಯ ದನಿ ಎಲ್ಲಾದರೂ ಸಿಕ್ಕೀತೇ?
ಮದುವೆಯದು, ಹುಟ್ಟುಹಬ್ಬದ್ದು, ಫೋನಿನಲ್ಲಿ ಬಿಟ್ಟದ್ದು?"
ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಒಡೆದ ಮುತ್ತಿನ ಹಾಗೆ.
ಹೋಗಿರಲಿಲ್ಲ.
ಮೀನುಗಾರರ ಸಂಘದ ಕಪಾಟಿನಲ್ಲಿ,
ನಾಳೆ ತಕರಾರು ಬಂದರೆ ಇರಲಿ ಎಂದು ಎತ್ತಿಟ್ಟ
ನಲವತ್ತು ಕ್ಯಾಸೆಟ್ಟು, ತೊಂಬತ್ತಾರನೇ ಇಸವಿಯವು.
ಒಂದರಲ್ಲೂ ನೆಟ್ಟಗೆ ಒಂದು ವಾಕ್ಯವಿಲ್ಲ.
ಬರೀ ಅಂಕಿ, ಮೀನಿನ ಹೆಸರು, ದೋಣಿಯ ಹೆಸರು,
ಹಿಂದೆ ಕಡಲಹಕ್ಕಿಗಳ ಜಗಳ.
ಒಮ್ಮೆ ಮಾತ್ರ, ಯಾರಿಗೋ: "ಅಯ್ಯಾ, ಕಾಲು ತೆಗಿ."

"ಧಾರಾಳ ಸಾಕು" ಎಂದಳು ಸಬೇಲಾ.
"ದನಿಗೆ ಅರ್ಥ ಬೇಕಿಲ್ಲ."

ಈಗ ಅವನು ಕಣ್ಣಲ್ಲೇ ಅಕ್ಷರ ಆರಿಸುತ್ತಾನೆ,
ಕೋಳಿ ಕಾಳು ಹೆಕ್ಕಿದ ಹಾಗೆ.
ಕಾಯುತ್ತೇನೆ.
ಆಮೇಲೆ ಮೂವತ್ತೈದರ ಗಂಡಸೊಬ್ಬ
ಅಡುಗೆಮನೆಯಲ್ಲಿ ಕೂಗುತ್ತಾನೆ: "ಕಿಟಕಿ ಮುಚ್ಚು, ಚಳಿ!"
ಚಳಿಯನ್ನೇ ಪೆಟ್ಟಿಗೆಗಟ್ಟಲೆ ಮಾರುವವನ ಹಾಗೆ.
"ದಿಂಬು ಸರಿಸು" ಎಂದರೂ ಅದೇ ಅವಸರ,
"ನಿದ್ದೆ ಬರಲಿಲ್ಲ" ಎಂದರೂ
ಕೊಳ್ಳುವವರು ಎದುರಿಗೆ ನಿಂತಿದ್ದಾರೆ ಎಂಬ ಹಾಗೆ.
ಮಗಳು ಉಶೀಯಾ ನಕ್ಕೂ ನಕ್ಕೂ
ಹೊರಗೆ ಹೋಗಿ ಅತ್ತು ಬಂದಳು.

ನಿಜ ಹೇಳಲೇ?
ಮೊದಲ ವಾರ ನಾನು ದಿನಾ ತಲೆ ಬಾಚಿಕೊಂಡೆ.
ಅರವತ್ತೆರಡರ ಹೆಂಗಸಿನ ಮನೆಗೆ
ಪ್ರಾಯದ ದನಿಯೊಂದು ಬಂದು ಕೂತಿತ್ತು.
ಅದು ಕೆಮ್ಮುವುದಿಲ್ಲ, ಸುಸ್ತಾಗುವುದಿಲ್ಲ,
ನನ್ನ ಮೇಲೆ ಸಿಟ್ಟು ಬಂದರೆ ಬಿರಿಯುವುದಿಲ್ಲ.
ಅವನಿಗೂ ಹೊಟ್ಟೆಕಿಚ್ಚು. ಒಂದು ಸಂಜೆ
"ಅವನು ನನಗಿಂತ ಚೆನ್ನಾಗಿ ಮಾತಾಡುತ್ತಾನೆ" ಎಂದ.
ಅದನ್ನು ಹೇಳಿದವನೂ ಅವನೇ.

ಸಬೇಲಾ ಫೋನು ಮಾಡಿದಳು:
ವೇಗ ತಗ್ಗಿಸಬಹುದು, ಗದ್ದಲ ತೊಳೆದು ತೆಗೆಯಬಹುದು.
ಸಕಾರ ಬಂದಾಗಲೆಲ್ಲ
ಹಿಂದೆ ಒಂದು ಹಕ್ಕಿ ಸಣ್ಣಗೆ ಕಿರುಚುತ್ತದೆ, ಅದನ್ನು.
ಎಲಾಡಿಯೊ ಬಹಳ ಹೊತ್ತು ಕಣ್ಣಾಡಿಸಿದ:
"ವೇಗ ನಿಮ್ಮಿಷ್ಟ. ಹಕ್ಕಿ ಇರಲಿ."

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ.
ಬೆನ್ನ ಹಿಂದೆ ದನಿ: "ಒಂಬತ್ತು."
ತಿರುಗಿ ನೋಡಲಿಲ್ಲ. ಒಂದು ತಟ್ಟೆ ತೊಳೆದೆ.
"ಎಂಟೂಮುಕ್ಕಾಲು." ಇನ್ನೊಂದು ತಟ್ಟೆ.
ಹಿಂದೆ ಒಂದೇ ಉಸಿರಿಗೆ ಮುಗಿಯುತ್ತಿದ್ದದ್ದು
ಈಗ ಅಂಕಿಗೊಂದು ತಟ್ಟೆಯ ದೂರ.
ಏನು ಮಾರಾಟಕ್ಕಿದೆ ಎಂದು ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ.
ತಟ್ಟೆ ಮುಗಿದವು, ಲೋಟ ಮುಗಿದವು,
ಚಮಚಗಳಿಗೆ ಬಂದಿದ್ದೆ.
"ಮೂರೂವರೆ."

ಬೇಗ ಎತ್ತಿದರೆ, ತಡಮಾಡಿದರೆ,
ಲೆಕ್ಕ ಹಾಕುವ ಹೆಂಗಸಲ್ಲ ನಾನು.
ಸೋಪುನೊರೆಯ ಕೈಯನ್ನು ಹಾಗೇ ಎತ್ತಿದೆ.
ಮೊಣಕೈಯಿಂದ ನೀರು ತೊಟ್ಟಿಕ್ಕಿತು.

ಅವನು ಕಣ್ಣು ಮುಚ್ಚಿದ. ಅಲ್ಲಿಗೆ ನಿಂತಿತು.
ಹಿಂದೆ ಎಲ್ಲೋ
ಆ ಹಕ್ಕಿ.